ಯಶೋಧಾ ತಮ್ಮನನ್ನು ಬಿಡಲಿಲ್ಲ

ಬೈಲಹೊಂಗಲದಿಂದ ಮುರಗೋಡ, ಯರಗಟ್ಟಿ ಹಾಯ್ದು ರಾಮದುರ್ಗಕ್ಕೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಓಡಾಡುವವರಿಗೆಲ್ಲ ಕಂಡಕ್ಟರ್ ಯಶೋಧಾ ಗೊತ್ತು. ಸೀರೆಯ ಮೇಲೆ ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ, ನಗುವಿಗೆ ಜಾಗವಿಲ್ಲದ ಮುಖ. ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದ ಮೇಲೆ ಹುಡುಗಿಯರ ವಯಸ್ಸು ಕೇಳುವ ಕೆಲಸ ಅವಳಿಗೆ ತಪ್ಪಿದೆ. ಆದರೂ ಕೇಳುತ್ತಾಳೆ. ಐದು ಎಂದರೆ ಆ ಮಗುವನ್ನು ಒಂದು ಗಳಿಗೆ ನೋಡಿ ಮುಂದಿನ ಸೀಟಿಗೆ ಹೋಗುತ್ತಾಳೆ.

ಡ್ರೈವರನ ಪಕ್ಕದ ಇಂಜಿನ್ ಡಬ್ಬಿಯ ಮೇಲೆ ಯಾರಾದರೂ ಮಗುವನ್ನು ಕೂರಿಸಿದರೆ ಮಾತ್ರ ಅವಳ ದನಿ ಬದಲಾಗುತ್ತದೆ.

"ಎಬ್ಬಸ್ರಿ ಅದನ್ನ. ಹಿಂದ ಕರಕೋರಿ."

"ಇರಲಿ ಬಿಡ್ರಿ ಅಕ್ಕಾರ. ಗಾಜಿನ್ಯಾಗಿಂದ ನೋಡಕೋತ ಸುಮ್ಮ ಕುಂದರತೈತಿ."

"ಎಬ್ಬಸ್ತೀರೋ, ಬಸ್ ನಿಂದರಸಲ್ಯೋ?"

ನಿಲ್ಲಿಸಿದ್ದೂ ಉಂಟು. ಜನ ಅವಳನ್ನು ಜಗಳಗಂಟಿ ಎನ್ನುತ್ತಾರೆ. ಒಡಹುಟ್ಟಿದ ತಮ್ಮನಿಗೆ ಅವಳು ಮಾಡಿದ್ದನ್ನು ಬಲ್ಲವರು ಅದಕ್ಕಿಂತ ಕೆಟ್ಟ ಮಾತು ಆಡುತ್ತಾರೆ. ಎರಡೂ ಅವಳ ಕಿವಿಗೆ ಬಿದ್ದಿವೆ.

ಅವಳು ಹುಟ್ಟಿದ್ದು ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ. ಅಪ್ಪ ಬೇಗ ತೀರಿಕೊಂಡ. ಅವ್ವ ಲಗಮವ್ವ ಕೂಲಿಗೆ ಹೋದಾಗ ತಮ್ಮ ಕಾಂತೇಶನನ್ನು ಯಶೋಧಾ ಬಗಲಲ್ಲಿ ಎತ್ತಿಕೊಂಡೇ ಶಾಲೆಗೆ ಹೋಗುತ್ತಿದ್ದಳು. ಮಾಸ್ತರು ಬೈಯುತ್ತಿರಲಿಲ್ಲ, ಬಾಗಿಲ ಹತ್ತಿರ ಕುಳಿತುಕೊಳ್ಳಲು ಹೇಳುತ್ತಿದ್ದರು. ಹುಡುಗ ಅತ್ತರೆ ಎದ್ದು ಹೊರಗೆ ಹೋಗಲು ಅನುಕೂಲ. ಹೀಗೆ ಎದ್ದು ಹೋಗಿ, ಬಂದು ಕೂತು, ಅವಳು ಪಿಯುಸಿ ಮುಗಿಸಿದಳು. ಬೈಲಹೊಂಗಲದ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಬಾಳುವಿನ ಕೈಹಿಡಿದಳು. ಕಂಡಕ್ಟರ್ ನೌಕರಿ ಸಿಕ್ಕಿತು. ಕಾಂತೇಶನನ್ನು ಕರೆತಂದು ತನ್ನ ಮನೆಯಲ್ಲೇ ಇಟ್ಟುಕೊಂಡು ಐಟಿಐ ಓದಿಸಿದಳು. ಅವನು ಚುರುಕು. ಮನೆಮನೆಗೆ ವೈರಿಂಗ್ ಮಾಡುತ್ತ ಕೊನೆಗೆ ಕಾಂಟ್ರಾಕ್ಟರ್ ಆದ, ಅದೇ ಊರಲ್ಲಿ ಬೇರೆ ಮನೆ ಮಾಡಿ ಅವ್ವನನ್ನು ಕರೆಸಿಕೊಂಡ, ಕಿತ್ತೂರಿನ ರೇಣುವನ್ನು ಮದುವೆಯಾದ.

ಬಹಳ ವರ್ಷ ಮಕ್ಕಳಿಲ್ಲದೆ ಇದ್ದ ಯಶೋಧಾಳಿಗೆ ಸಪ್ನಾ ಹುಟ್ಟಿದಳು. ಹುಡುಗಿಗೆ ಐದು ತುಂಬುವ ಹೊತ್ತಿಗೆ ಕಾಂತೇಶ ಕಾರು ಕೊಂಡ. ಅವರ ಕೇರಿಗೆ ಬಂದ ಮೊದಲ ಕಾರು ಅದು. ಲಗಮವ್ವ ಆರತಿ ಬೆಳಗಿದಳು. ಅಕ್ಕಪಕ್ಕದವರು ಬಾನೆಟ್ಟಿಗೆ ಒರಗಿ ಫೋಟೋ ತೆಗೆಸಿಕೊಂಡರು. ಸಪ್ನಾಳಿಗಂತೂ ಹಗಲೂ ರಾತ್ರಿ ಮಾಮಾನ ಕಾರಿನದೇ ಮಾತು. ಕಾಂತೇಶ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪುಟ್ಟ ಕೈಗಳನ್ನು ಸ್ಟೇರಿಂಗಿನ ಮೇಲಿಟ್ಟು, ಕೇರಿಯ ಮುಂದಿನ ಬಯಲಲ್ಲಿ ಸುತ್ತು ಹಾಕಿಸುತ್ತಿದ್ದ.

"ಕಾಂತ್ಯಾ, ಅಕಿನ್ನ ಹಿಂದ ಕುಂದರಸೋ. ಬೆಲ್ಟ್ ಹಾಕೋ," ಎಂದಿದ್ದಳು ಯಶೋಧಾ.

"ಯಕ್ಕಾ, ನಿನ್ನ ಬಸ್ಸಿನ ಕಾನೂನು ನನ್ನ ಕಾರಿಗೆ ತರಬ್ಯಾಡ," ಎಂದು ಅವನು ನಕ್ಕ. ಅವಳೂ ನಕ್ಕಿದ್ದಳು.

ಕಬ್ಬಿನ ಹಂಗಾಮಿನ ಒಂದು ದಿನ ಸಾಲಹಳ್ಳಿಯಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯ. ಯಶೋಧಾಳಿಗೆ ರಜೆ ಸಿಗಲಿಲ್ಲ. ಬಸುರಿ ರೇಣು ಕಿತ್ತೂರಿನ ತವರಿನಲ್ಲಿದ್ದಳು. ಕಾಂತೇಶ ಅವ್ವನನ್ನೂ ಸಪ್ನಾಳನ್ನೂ ಕರೆದುಕೊಂಡು ಹೊರಟ. ಯಶೋಧಾ ತಾನೇ ಮಗಳನ್ನು ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕ ಕೂರಿಸಿ ಬೆಲ್ಟು ಬಿಗಿದು, ಅದು ಕುತ್ತಿಗೆಗೆ ಒತ್ತುತ್ತದೆಂದು ಕೆಳಗೆ ಮಡಚಿದ ಚಾದರ ಇಟ್ಟು, ಡ್ಯೂಟಿಗೆ ಹೋದಳು.

ಸಂಜೆ ಬಸ್ಸು ರಾಮದುರ್ಗ ಮುಟ್ಟಿದಾಗ ಫೋನು ಬಂತು. ಆಸ್ಪತ್ರೆಯಲ್ಲಿ ಸಪ್ನಾಳ ಮೈಮೇಲೆ ದೊಡ್ಡ ಗಾಯವೇ ಇರಲಿಲ್ಲ. ಮುಖ ಮತ್ತು ಗದ್ದದ ಕೆಳಗೆ ಮಾತ್ರ ಉಪ್ಪುಕಾಗದದಿಂದ ಉಜ್ಜಿದ ಹಾಗೆ ಕೆಂಪಾಗಿತ್ತು. ಕುತ್ತಿಗೆ ಮುರಿದಿತ್ತು. ಕಾಂತೇಶನ ಎದೆಗೆ ಪೆಟ್ಟು, ಮೂಗಿಗೆ ಪಟ್ಟಿ. ಲಗಮವ್ವನ ಮೊಣಕಾಲು ಬಾತಿತ್ತು. ತಾಯಿ, ಮಗ ಇಬ್ಬರೂ ಒಂದೇ ಮಾತು ಹೇಳಿದರು: ಸಪ್ನಾ ಬೆಲ್ಟು ಬಿಚ್ಚಿಸಿಕೊಂಡು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಳು, ಕಬ್ಬಿನ ಟ್ರ್ಯಾಕ್ಟರ್ ಏಕಾಏಕಿ ರಸ್ತೆಗೆ ತಿರುಗಿತು, ಹುಡುಗಿ ಮುಂದಕ್ಕೆ ಹಾರಿ ಬಿದ್ದಳು. ಪೊಲೀಸರಿಗೂ ಅದನ್ನೇ ಹೇಳಿದರು. ಟ್ರ್ಯಾಕ್ಟರ್ ನಡೆಸುತ್ತಿದ್ದ ಹೂಲಿಯ ಮಡಿವಾಳೆಪ್ಪನನ್ನು ಹಿಡಿದು ಒಳಗೆ ಹಾಕಿದರು.

ಯಶೋಧಾಳ ಸಿಟ್ಟಿಗೆ ಒಂದು ಹೆಸರು ಸಿಕ್ಕಿತು. ಬಸ್ಸಿನ ಕಿಟಕಿಯಿಂದ ಕಾಣುವ ಪ್ರತಿ ಕಬ್ಬಿನ ಟ್ರ್ಯಾಕ್ಟರಿನಲ್ಲೂ ಅವಳು ಆ ಮನುಷ್ಯನನ್ನು ಹುಡುಕುತ್ತಿದ್ದಳು. ಜಾಮೀನಿನ ಮೇಲೆ ಹೊರಬಂದ ಮಡಿವಾಳೆಪ್ಪ ಒಂದು ಸಲ ಕೋರ್ಟಿನ ತಾರೀಖಿಗೆಂದು ಅವಳದೇ ಬಸ್ಸು ಹತ್ತಿದ. ಸಣಕಲು ದೇಹ, ಮಾಸಿದ ಪಟಕಾ. ಊರು ಕೇಳಿದಳು, ಹೆಸರು ಕೇಳಿದಳು, ಸೀಟಿ ಊದಿ ಬಸ್ಸು ನಿಲ್ಲಿಸಿದಳು.

"ನನ್ನ ಕೂಸನ್ನ ತಿಂದಾಂವ ನನ್ನ ಬಸ್ಸಿನ್ಯಾಗ ಬರಬಾರದು. ಇಳಿ."

ಸುತ್ತ ಎರೆಹೊಲ, ಒಂದು ಗಿಡವೂ ಇಲ್ಲದ ಜಾಗ. ಅವನು ಏನೋ ಹೇಳಲು ಹೋದ. ಬಸ್ಸಿನಲ್ಲಿದ್ದ ಜನ ಅವಳ ಪರವಾಗಿ ಕೂಗಿದರು. ಅವನು ಬಾಯಿ ಮುಚ್ಚಿಕೊಂಡು ಇಳಿದ. ಯಶೋಧಾ ಹಿಂದಿನ ಗಾಜಿನಲ್ಲಿ ಅವನು ಚಿಕ್ಕದಾಗುವುದನ್ನು ನೋಡಿದಳು. ಅವತ್ತು ಹೊಟ್ಟೆತುಂಬ ಊಟ ಮಾಡಿದಳು.

ಮುಂದಿನ ವರ್ಷದ ಮುಂಗಾರಿಗೆ ಯರಗಟ್ಟಿಯಲ್ಲಿ ಒಬ್ಬ ಮುದುಕಿ ಬಸ್ಸು ಹತ್ತಿದಳು. ಹೆಸರು ಬಾಯವ್ವ, ಕಬ್ಬು ಕಡಿಯುವ ಗ್ಯಾಂಗಿನವಳು. ಆ ಹೊತ್ತಿಗೆ ಯಶೋಧಾ ಯಾರದೋ ಮಗನನ್ನು ಇಂಜಿನ್ ಡಬ್ಬಿಯ ಮೇಲಿಂದ ಎಬ್ಬಿಸುತ್ತಿದ್ದಳು. ಹುಡುಗನ ಅಪ್ಪ ಗೊಣಗುತ್ತಿದ್ದ.

"ಕಂಡಕ್ಟರ್ ಬಾಯಿ ಖರೇ ಹೇಳತಾಳ ತಮ್ಮಾ," ಎಂದಳು ಬಾಯವ್ವ. "ಎಬ್ಬಸು ಅದನ್ನ. ಮುಂದ ಕುಂತ ಕೂಸನ್ನ ನಾ ಈ ಕೈಲೆ ಹೊರಗ ಎಳದೇನಿ. ಇಲ್ಲೇ, ಈ ರಸ್ತಾದಾಗ."

ಟಿಕೆಟ್ ಯಂತ್ರದ ಮೇಲಿದ್ದ ಯಶೋಧಾಳ ಬೆರಳು ನಿಂತಿತು. "ಯಾವಾಗ ಅಜ್ಜಿ?"

"ಹ್ವಾದ ವರ್ಷದ ಹಂಗಾಮಿನ್ಯಾಗ. ನಮ್ಮ ಟ್ರ್ಯಾಕ್ಟರಿಗೆ ಕಾರು ಬಂದು ಹೊಡೀತು."

"ಟ್ರ್ಯಾಕ್ಟರ್ ರಸ್ತಾಕ ತಿರಗಿತ್ತಂತಲ್ಲ?"

"ಎಲ್ಲಿ ತಿರಗತೈತಿ? ಗಾಲಿ ಪಂಚರಾಗಿ ಬಾಜೂಕ ನಿಂತಿತ್ತು. ಹಿಂದ ಕಲ್ಲಿಟ್ಟು, ಟೊಂಗಿ ಮುರದು ಇಟ್ಟಿದ್ವಿ. ಹೊತ್ತಿನ್ನೂ ಮುಣಗಿರಲಿಲ್ಲ. ನಾವೆಲ್ಲಾ ಗಿಡದ ಬುಡಕ ಬುತ್ತಿ ಬಿಚ್ಚಿದ್ವಿ. ಡ್ರೈವರ್ ಮಡಿವಾಳೆಪ್ಪನೂ ನಮ್ಮ ಕೂಡನ ಕುಂತಿದ್ದ."

"ಹುಡಿಗಿ ಎಲ್ಲಿತ್ತು?"

"ಕಾರು ಹೊಡಿಯಾಂವನ ತೊಡಿ ಮ್ಯಾಲ. ಸ್ಟೇರಿಂಗಿಗೂ ಅವನ ಎದಿಗೂ ನಡುವ. ಆ ಬಿಳೀ ಚೀಲ ಉಬ್ಬಿ ಬರತೈತಲ್ಲ, ಅದು ಮಾರಿಗೇ ಹೊಡದಿತ್ತು. ದೊಡ್ಡಾವರನ್ನ ಉಳಸಾಕ ಇಟ್ಟದ್ದಂತ ಅದು. ಆ ಕೂಸಿನ ಕುತಗಿ ಎಷ್ಟರದು? ಹಳದಿ ಫ್ರಾಕ್ ಹಾಕಿತ್ತು. ಒಂದ ಕಾಲಾಗ ಚಪ್ಪಲಿ ಇರಲಿಲ್ಲ."

"ಪೊಲೀಸರಿಗೆ ಹೇಳಲಿಲ್ಲೇನು?"

"ಯಾರ ಕೇಳಿದರವ್ವಾ? ಮರುದಿನಾನ ಗ್ಯಾಂಗಿನ ಮುಕಾದಮ ನಮ್ಮನ್ನ ಬ್ಯಾರೆ ಊರಿಗೆ ಹೊಂಡಸಿದ."

ಯಶೋಧಾ ಅಳಲಿಲ್ಲ. ಬಾಯವ್ವನ ಆಧಾರ್ ನೋಡಿ ಟಿಕೆಟ್ ಹರಿದುಕೊಟ್ಟಳು. ಅವಳ ಊರು, ಮನೆ ಇರುವ ಓಣಿ, ಮಗನ ಹೆಸರು ಎಲ್ಲ ಕೇಳಿ ತಿಳಿದುಕೊಂಡಳು. ಆಮೇಲೆ ಉಳಿದವರ ಟಿಕೆಟ್ ಹರಿದಳು. ಒಳಗೆ ಏನೋ ಕುದಿಯುತ್ತಿರಲಿಲ್ಲ, ಬದಲಿಗೆ ತಣ್ಣಗೆ ಗಟ್ಟಿಯಾಗುತ್ತಿತ್ತು. ಕಾಂತೇಶ ಮಗಳನ್ನು ಕೊಂದದ್ದು ಒಂದು. ತನ್ನ ದ್ವೇಷವನ್ನು ತಪ್ಪು ಮನುಷ್ಯನ ಮೇಲೆ ಹಾಯಿಸಿ, ಅದನ್ನು ನೋಡುತ್ತ ಸುಮ್ಮನೆ ಕೂತದ್ದು ಇನ್ನೊಂದು. ಎರಡನೆಯದನ್ನು ನೆನೆದಾಗ ಅವಳ ಹಲ್ಲು ಕಚ್ಚಿಕೊಂಡವು.

ಮನೆಯಲ್ಲಿ ಬಾಳುವಿಗೆ ಹೇಳಿದಳು. ಅವನು ಉಣ್ಣುತ್ತಿದ್ದ ತಾಟನ್ನು ಬದಿಗೆ ಸರಿಸಿದ. "ಬಿಡು ಯಶೋಧಾ. ಕೂಸಂತೂ ತಿರಗಿ ಬರೂದಿಲ್ಲ."

"ಬರೂದಿಲ್ಲ ಅಂತನ ಬಿಡೂದಿಲ್ಲ," ಎಂದಳು.

ನಾಗರ ಪಂಚಮಿ ಬಂತು. ಪ್ರತಿವರ್ಷದಂತೆ ಕಾಂತೇಶ ಅಕ್ಕನನ್ನು ಹಬ್ಬಕ್ಕೆ ಕರೆಯಲು ರಿಪೇರಿಯಾದ ಅದೇ ಕಾರಿನಲ್ಲಿ ಬಂದ. ಯಶೋಧಾ ಹಿಂದೆ ಕೂತು ಬೆಲ್ಟು ಹಾಕಿಕೊಂಡಳು. ಅವನ ಮನೆಯಲ್ಲಿ ಉಂಡಿ ತಿಂದಳು. ರೇಣುವಿನ ಮಗಳು ಆಗ ಅಂಬೆಗಾಲಿಡುತ್ತಿದ್ದಳು, ಅವಳನ್ನು ಎತ್ತಿಕೊಂಡಳು. ರೇಣು ಹಿತ್ತಲಿಗೆ ಹೋದಾಗ, ಏನೋ ನೆನಪಾದವಳ ಹಾಗೆ ಕೇಳಿದಳು.

"ಕಾಂತ್ಯಾ, ಅವತ್ತ ಸಪ್ನಾ ಕಡೀಕ ಏನಾರ ಅಂದಳೇನೋ?"

ಅವನು ಕಣ್ಣು ಒರೆಸಿಕೊಂಡ. "ಏನೂ ಇಲ್ಲ ಯಕ್ಕಾ. ನಿದ್ದಿ ಮಾಡಿದ್ಲು. ಹಿಂದ, ಅವ್ವನ ತೊಡಿ ಮ್ಯಾಲ ತಲಿ ಇಟ್ಟು. ನನಗ ಕನ್ನಡ್ಯಾಗ ಕಾಣಸ್ತಿದ್ಲು."

ಒಲೆಯ ಮುಂದಿದ್ದ ಲಗಮವ್ವ ತಿರುಗಿ ನೋಡಲಿಲ್ಲ.

ಅವನು ಆಗ ತಪ್ಪಾಯಿತು ಎಂದಿದ್ದರೆ ಏನಾಗುತ್ತಿತ್ತು ಎಂದು ಯಶೋಧಾ ಆಮೇಲೆ ಎಷ್ಟೋ ಸಲ ಯೋಚಿಸಿದ್ದಾಳೆ. ಬಿಟ್ಟುಬಿಡುತ್ತಿದ್ದೆ ಎಂದು ಅವಳಿಗೆ ಅನ್ನಿಸಿಲ್ಲ. ಆದರೆ ಸ್ವಲ್ಪವಾದರೂ ಹಿಂಜರಿಯುತ್ತಿದ್ದಳು. ಕನ್ನಡಿಯ ಮಾತು ಕೇಳಿದ ಮೇಲೆ ಆ ಹಿಂಜರಿಕೆಯೂ ಉಳಿಯಲಿಲ್ಲ. ಅವನು ಕಟ್ಟಿಕೊಟ್ಟ ಉಂಡಿಯ ಡಬ್ಬಿ ತೆಗೆದುಕೊಂಡು, ಬರುತ್ತೇನೆಂದು ಹೇಳಿ, ನಡೆದು ಮನೆಗೆ ಬಂದಳು.

ಮರುದಿನವೇ ಹೂಲಿಗೆ ಹೋದಳು. ಹಳೆಯ ಗುಡಿಗಳ ಹಿಂದಿನ ಓಣಿಯಲ್ಲಿ ಮಡಿವಾಳೆಪ್ಪನ ಮನೆ. ಕೇಸಾದ ಮೇಲೆ ಯಾರೂ ಅವನ ಕೈಗೆ ಟ್ರ್ಯಾಕ್ಟರ್ ಕೊಟ್ಟಿರಲಿಲ್ಲ. ಬಾಗಿಲಲ್ಲಿ ಅವನ ಹೆಂಡತಿ ಸಾವಿತ್ರೆವ್ವ ಅಡ್ಡ ನಿಂತಳು.

"ನನ್ನ ಗಂಡನ್ನ ನಡುದಾರ್ಯಾಗ ಇಳಸಿದಾಕಿ ನೀನ ಅಲ್ಲೇನ? ಇನ್ನೇನ ಉಳದೈತಿ ಬೈಯೂದು?"

"ನಾನ. ಬೈಯಾಕ ಬಂದಿಲ್ಲ. ಇಳಸಬೇಕಾದವರು ಬ್ಯಾರೇನ ಅದಾರ ಅಂತ ಈಗ ಗೊತ್ತಾತು. ಅವರನ್ನ ಇಳಸಾಕ ಬಂದೇನಿ."

ಸವದತ್ತಿಯಲ್ಲಿ ಮಡಿವಾಳೆಪ್ಪನ ಕೇಸು ನಡೆಸುತ್ತಿದ್ದವರು ಮಹಾನಂದಾ ಎಂಬ ವಕೀಲರು. ಅವರು ಎಲ್ಲ ಕೇಳಿ ಕಾನೂನು ಬಿಡಿಸಿ ಹೇಳಿದರು. ಹದಿನಾಲ್ಕು ತುಂಬದ ಮಗು ಕಾರಿನಲ್ಲಿ ಕೂತರೆ ಬೆಲ್ಟ್ ಇರಬೇಕು, ಇಲ್ಲವೇ ಮಕ್ಕಳ ಸೀಟು ಇರಬೇಕು. ತಪ್ಪಿದರೆ ದಂಡ.

"ದಂಡ ಅಷ್ಟನ?" ಎಂದಳು ಯಶೋಧಾ.

"ಅದಕ್ಕ ಅಷ್ಟ. ಆದರ ನಿರ್ಲಕ್ಷ್ಯದಿಂದ ಸಾವಾದರ ಜೈಲು ಐತಿ. ಅದರ ಮ್ಯಾಲ ಸುಳ್ಳು ಹೇಳಿಕೆ. ಅದರಾಗ ನಿಮ್ಮ ಅವ್ವಾರೂ ಸಿಗತಾರ. ವಿಚಾರ ಮಾಡ್ರಿ."

"ಮಾಡೇನಿ," ಎಂದಳು.

ಬಾಯವ್ವನನ್ನು ಒಪ್ಪಿಸಲು ಕಷ್ಟವಾಗಲಿಲ್ಲ. ಯಶೋಧಾ ತಾನು ಯಾರೆಂದು ಹೇಳಿದಾಗ ಮುದುಕಿ ಅವಳ ಗಲ್ಲ ಸವರಿ, "ಎಲ್ಲಿಗೆ ಬರಲಿ ಹೇಳು," ಎಂದಳು, ಅಷ್ಟೇ. ಆಮೇಲಿನ ತಿಂಗಳುಗಳಲ್ಲಿ ಯಶೋಧಾ ತಮ್ಮನ ಮನೆಗೆ ಹೋಗಿ ಬರುತ್ತಲೇ ಇದ್ದಳು. ದೀಪಾವಳಿಗೆ ಅವನಿಗೆ ಆರತಿ ಬೆಳಗಿದಳು. ಅವಳಿಗೆ ಒಂದೇ ಕೆಲಸ ಬಾಕಿ ಇತ್ತು. ಬಾಯವ್ವನ ಸಾಕ್ಷಿ ಸಾಲದು, ಅವ್ವನೂ ಖರೆ ಹೇಳಬೇಕು. ಅವ್ವ ಪೊಲೀಸರ ಮುಂದೆ ಸುಳ್ಳು ಹೇಳಬಲ್ಲಳು, ಜಡ್ಜ್ ಮುಂದೆಯೂ ಹೇಳಬಲ್ಲಳು. ಮಗಳ ಮುಖ ನೋಡುತ್ತ ಬಹಳ ಹೊತ್ತು ಹೇಳಲಾರಳು. ಸಪ್ನಾ ಸತ್ತಂದಿನಿಂದ ಅವ್ವ ತನ್ನ ಕಣ್ಣು ತಪ್ಪಿಸಿಕೊಂಡೇ ಓಡಾಡಿದ್ದೇಕೆಂದು ಯಶೋಧಾಳಿಗೆ ಈಗ ತಿಳಿದಿತ್ತು.

ಲಗಮವ್ವನ ಸಾಕ್ಷಿಯ ದಿನ ಯಶೋಧಾ ಖಾಕಿ ಅಂಗಿಯಲ್ಲೇ ಕೋರ್ಟಿಗೆ ಬಂದಳು. ಕಾಂತೇಶ ಅವಳನ್ನು ನೋಡಿ ಹಿಗ್ಗಿದ. ಅಕ್ಕ ಅವ್ವನಿಗೆ ಧೈರ್ಯ ಹೇಳಲು ಬಂದಿದ್ದಾಳೆಂದುಕೊಂಡು ಚಹಾ ತರಿಸಿದ. ಅವಳು ಕುಡಿದಳು. ಒಳಗೆ ಹೋಗಿ, ಕಟಕಟೆಯಲ್ಲಿ ನಿಂತವರಿಗೆ ನೇರ ಕಾಣುವ ಬೆಂಚಿನ ಮೇಲೆ ಕುಳಿತಳು.

"ಕೂಸು ಎಲ್ಲಿ ಕುಂತಿತ್ತು?" ಮಹಾನಂದಾ ಮೆಲ್ಲಗೆ ಕೇಳಿದರು.

"ಹಿಂದ್ರಿ."

"ನಿಮ್ಮ ಯಾವ ಬಾಜು?"

"ಎಡಕ್ಕ... ಅಲ್ರಿ, ಬಲಕ್ಕ."

"ನಿದ್ದಿ ಮಾಡಿತ್ತು ಅಂತೀರಿ. ತಲಿ ಎಲ್ಲಿ ಇಟ್ಟಿತ್ತು?"

ಲಗಮವ್ವ ತಲೆ ಎತ್ತಿದಳು. ಮಗಳ ಕಣ್ಣಿಗೆ ಕಣ್ಣು ಬಿತ್ತು. ಯಶೋಧಾ ರೆಪ್ಪೆ ಮಿಟುಕಿಸಲಿಲ್ಲ. ಕರುಣೆ ಬೇಡಿದ ಆ ಮುಖವನ್ನು ಅವಳು ಹಾಗೇ ಹಿಡಿದಿಟ್ಟಳು. ವಕೀಲರು ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದರು. ಮುದುಕಿ ವಕೀಲರಿಗಲ್ಲ, ಮಗಳಿಗೆ ಹೇಳಿದಳು.

"ನಾ ಹಿಂದ ಬಾ ಅಂದೆ. ಬರಲಿಲ್ಲ. ಮಾಮಾ ಗಾಡಿ ಹೊಡಿಯೂದು ಕಲಸ್ತಾನ ಅಂತು. ಬೆಲ್ಟ್ ಇವನ ಬಿಚ್ಚಿದ. ಇವನ ತೊಡಿ ಮ್ಯಾಲನ ಇತ್ತವ್ವಾ. ಟ್ರ್ಯಾಕ್ಟರ್ ನಿಂತಿತ್ತು."

"ಅವ್ವಾ," ಎಂದು ಕಾಂತೇಶ ಎದ್ದು ನಿಂತ. ಜಡ್ಜ್ ಅವನನ್ನು ಕೂರಲು ಹೇಳಿದರು. ಅವನು ತಿರುಗಿ ಅಕ್ಕನನ್ನು ನೋಡಿದಾಗ, ಅವಳು ಏಕೆ ಬಂದಿದ್ದಾಳೆಂದು ಅವನಿಗೆ ಅರ್ಥವಾಯಿತು. ಆ ನೋಟಕ್ಕಾಗಿಯೇ ಅವಳು ಪಂಚಮಿಯಿಂದ ಕಾದಿದ್ದಳು.

ಹೊರಗೆ ಬೇವಿನ ಗಿಡದ ಕೆಳಗೆ ಲಗಮವ್ವ ಮಗಳ ಸೆರಗು ಹಿಡಿದಳು. "ನನಗ ಉಳದದ್ದು ಅವನೊಬ್ಬನ ಇದ್ದ. ಅದಕ್ಕ ಹಂಗ ಹೇಳಿದ್ದೆ."

"ನಾನೂ ಇದ್ದೆ ಅವ್ವಾ," ಎಂದು ಯಶೋಧಾ ಸೆರಗು ಬಿಡಿಸಿಕೊಂಡಳು.

ಅಲ್ಲಿಗೂ ಅವಳಿಗೆ ತೃಪ್ತಿಯಾಗಲಿಲ್ಲ. ರೇಣು ಮಗಳೊಂದಿಗೆ ಕಿತ್ತೂರಿಗೆ ಹೋಗಿದ್ದಳು. ಕಾಂತೇಶ ತನ್ನ ಕತೆ ಹೊಸೆದುಕೊಂಡು ಅಲ್ಲಿಗೆ ಮುಟ್ಟುವ ಮೊದಲು ಯಶೋಧಾ ಬಸ್ಸು ಹಿಡಿದು ಹೋದಳು. ತಮ್ಮನ ಮನೆ ಮುರಿಯಲೆಂದೇ ಹೋದಳು, ಬೇರೆ ನೆಪ ಹೇಳಿಕೊಳ್ಳಲಿಲ್ಲ. ಪಡಸಾಲೆಯಲ್ಲಿ ಕೂತು, ಕೋರ್ಟಿನಲ್ಲಿ ಅವ್ವ ಆಡಿದ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು.

ರೇಣು ಸಿಟ್ಟಾಗಲಿಲ್ಲ, ವಾದಿಸಲೂ ಇಲ್ಲ. ಒಳಗೆ ಹೋಗಿ ಮೊಬೈಲ್ ತಂದು ಒಂದು ವೀಡಿಯೋ ಹಚ್ಚಿ ಅವಳ ಕೈಗೆ ಕೊಟ್ಟಳು. ಈಚಿನದೇ. ಕಾಂತೇಶ ಸ್ಟೇರಿಂಗ್ ಹಿಡಿದಿದ್ದಾನೆ, ತೊಡೆಯ ಮೇಲೆ ಅವನ ಮಗಳು. ಕಿಟಕಿಯ ಆಚೆ ಹೊಲಗಳು ಹಿಂದಕ್ಕೆ ಓಡುತ್ತಿವೆ. ತೆಗೆದವಳು ರೇಣುವೇ, ಅವಳ ನಗು ಅದರಲ್ಲಿ ಕೇಳುತ್ತಿತ್ತು.

"ನಾ ನಗತಿದ್ದೆ ಯಕ್ಕಾ," ಎಂದಳು ರೇಣು. ಅವಳ ಮುಖ ಸುಣ್ಣದ ಹಾಗಾಗಿತ್ತು.

ನೋಯಿಸಬೇಕೆಂದೇ ಬಂದಿದ್ದ ಯಶೋಧಾ ಆ ಮುಖವನ್ನು ಬಹಳ ಹೊತ್ತು ನೋಡಲಾರದೆ ಮೊಬೈಲ್ ಕೆಳಗಿಟ್ಟಳು. ಆದರೆ ತಮ್ಮನ ಮೇಲಿನ ಸಿಟ್ಟಿಗೆ ಅದರಿಂದ ಹೊಸ ಸೌದೆ ಸಿಕ್ಕಿತು. ತನ್ನ ಮಗಳನ್ನು ಕೊಂದ ತೊಡೆಯ ಮೇಲೆ ಅವನು ಇನ್ನೊಂದು ಕೂಸನ್ನು ಕೂರಿಸಿದ್ದ. ಅವನು ಏನೂ ಕಲಿತಿರಲಿಲ್ಲ. ರೇಣು ಬೈಲಹೊಂಗಲಕ್ಕೆ ಮರಳಲಿಲ್ಲ.

ಮಡಿವಾಳೆಪ್ಪ ಬಿಡುಗಡೆಯಾದ. ಕಾಂತೇಶನನ್ನು ಹಿಡಿದು, ಜಾಮೀನಿನ ಮೇಲೆ ಬಿಟ್ಟರು, ಲೈಸೆನ್ಸ್ ಕಿತ್ತುಕೊಂಡರು, ಕೇಸು ಇನ್ನೂ ನಡೆದಿದೆ. ಲಗಮವ್ವನ ಹೆಸರೂ ಅದರಲ್ಲಿದೆ. ಅವಳು ಮಗನ ಜೊತೆಗೇ ಇದ್ದಾಳೆ. ಕಾರು ಯಾರಿಗೋ ಹೋಯಿತು. ಕೇರಿಯ ಹೆಂಗಸರು ಯಶೋಧಾಳನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ಹೂಲಿಯ ಸಾವಿತ್ರೆವ್ವ ಒಂದು ಸಲ ಬಸ್ಸು ಹತ್ತಿದಾಗ ಗೋವಿನಜೋಳದ ತೆನೆಗಳನ್ನು ಅವಳ ಸೀಟಿನ ಮೇಲಿಟ್ಟು ಮಾತಾಡದೆ ಇಳಿದುಹೋದಳು.

ಕಳೆದ ತಿಂಗಳು ಯಶೋಧಾಳಿಗೆ ಕಿತ್ತೂರಿನ ಬಸ್ಸಿಗೆ ಬದಲಿ ಡ್ಯೂಟಿ ಬಿತ್ತು. ಬೈಲಹೊಂಗಲ ನಿಲ್ದಾಣದಲ್ಲಿ ಕಾಂತೇಶ ಹತ್ತಿದ. ಅವಳನ್ನು ನೋಡಿದ ಮೇಲೂ ಇಳಿಯಲಿಲ್ಲ, ಹಿಂದಿನ ಸೀಟಿನಲ್ಲಿ ಕುಳಿತ. ಕೆನ್ನೆಗಳು ಒಳಗೆ ಹೋಗಿದ್ದವು. ಅವಳು ಟಿಕೆಟ್ ಕೊಡುತ್ತ ಅವನ ಹತ್ತಿರ ಬಂದಳು.

"ಎಲ್ಲಿಗೆ?"

"ಕಿತ್ತೂರಿಗೆ. ಯಕ್ಕಾ, ರೇಣು ಕೂಸನ್ನ ನನ್ನ ಕೈಯಾಗ ಕೊಡವಲ್ಲಳು. ಮನ್ನಿ ಹೊಸ್ತಲದಾಗ ನಿಂತು ನೋಡಿ ಬಂದೆ. ನೀ ಒಂದ ಮಾತ ಹೇಳಿದರ ಕೊಡತಾಳ."

ಯಶೋಧಾ ಟಿಕೆಟ್ ಹರಿದಳು. "ನಾ ಹೇಳೂದಿಲ್ಲ."

"ಇನ್ನೂ ಸಾಕಾಗಿಲ್ಲೇನ ಯಕ್ಕಾ? ಲೈಸೆನ್ಸ್ ಹೋತು, ಕೆಲಸ ಹೋತು, ಮನಿ ಹೋತು."

"ಕನ್ನಡ್ಯಾಗ ಕಾಣಸ್ತಿದ್ಲು ಅಂದಿದ್ದೆಲ್ಲೋ," ಎಂದಳು ಅವಳು. "ಉಂಡಿ ಕೊಟ್ಟು ಅಂದಿದ್ದೆ. ಅದನ್ನ ಇನ್ನೊಮ್ಮೆ ಹೇಳು ನೋಡೂಣು."

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಯಶೋಧಾ ಚಿಲ್ಲರೆಯನ್ನು ಅವನ ಅಂಗೈಗೆ ಹಾಕಿ, ಬಾಗಿಲಲ್ಲಿ ನಿಂತಿದ್ದ ಕಾಲೇಜು ಹುಡುಗರನ್ನು ಒಳಗೆ ಬರಲು ಗದರಿಸುತ್ತ ಹೋದಳು. ಕಿತ್ತೂರಿನಲ್ಲಿ ಅವನು ಇಳಿಯುವಾಗ ಅವಳು ಆ ಕಡೆ ನೋಡಲಿಲ್ಲ.

ಮನೆಗೆ ಬಂದು ಬಾಳುವಿಗೆ ಹೇಳಿದಳು. ಅವನು ಕಾಲು ಚಾಚಿಕೊಂಡು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದ.

"ಇಷ್ಟೆಲ್ಲಾ ಮಾಡಿದಿ," ಎಂದ ಅವನು, ಬೈಯುವ ದನಿಯಲ್ಲಲ್ಲ. "ನಿನಗೇನ ಸಿಕ್ಕತು?"

ಯಶೋಧಾ ಖಾಕಿ ಅಂಗಿಯನ್ನು ಬಕೀಟಿನ ನೀರಿಗೆ ಅದ್ದಿ ಸಬಕಾರ ಹಚ್ಚಿದಳು. ಕಾಲರಿನ ಕೊಳೆಯನ್ನು ಬೆರಳಿಂದ ಉಜ್ಜಿದಳು.

"ನಿದ್ದಿ ಸಿಕ್ಕೈತಿ," ಎಂದಳು. "ಮೊದಲ ಬರತಿರಲಿಲ್ಲ. ಈಗ ಬರತೈತಿ."